ಮೊದಲ ಹತ್ತು ಪಾಠ

ಅಕ್ಕ ತೀರಿಕೊಂಡ ಹದಿಮೂರನೇ ದಿನ ಅಂಚೆಯವನು ಚೀಟಿ ತಂದುಕೊಟ್ಟ. ಒಡೆದು ನೋಡಿದೆ. ‘ಚೀನೀ’ ಎಂದು ಬರೆದಿತ್ತು. ಕೆಳಗೆ ನನ್ನ ಹೆಸರು, ಜಲಜಾಕ್ಷಿ, ಅದರ ಕೆಳಗೆ ಕರೆ ಬರುವ ತಾರೀಖು. ಅಂಚೆಯವನು ಸೈಕಲ್ ಹಿಡಿದುಕೊಂಡು ಅಲ್ಲೇ ನಿಂತಿದ್ದ. ಚೀಟಿ ತಂದ ದಿನ ಅಂಚೆಯವರು ಯಾರೂ ಕೂಡಲೇ ಹೊರಡುವುದಿಲ್ಲ.

“ಏನ್ ಬಂತು ಟೀಚರ್?”

“ಚೀನೀ.”

“ಅಯ್ಯೋ,” ಅಂದ. ಸೈಕಲ್ ತಿರುಗಿಸುತ್ತ, “ಮೂಲೆಮನೆ ಮುಬಾರಕ್ ಸಾಹೇಬ್ರಿಗೆ ಅವರ ತಂದೇದು ತೆಲುಗು ಬಂದಿತ್ತು ನೋಡಿ. ಆರು ತಿಂಗಳಲ್ಲಿ ಕಲ್ತುಬಿಟ್ರು. ಒಬ್ಬೊಬ್ರ ಹಣೆಬರಹ,” ಎಂದು ಹೊರಟ. ಸಮಾಧಾನ ಹೇಳಲು ಬಾರದವರು ಸುಮ್ಮನಿರಬಾರದೇ ಅನ್ನಿಸಿತು.

ನಮ್ಮೂರಲ್ಲಿ ಸತ್ತವರು ವರ್ಷ ತುಂಬಿದ ದಿನ ಒಮ್ಮೆ ಫೋನ್ ಮಾಡುತ್ತಾರೆ. ಏಳು ನಿಮಿಷ ಮಾತು. ಭಾಷೆ ಯಾವುದು ಅನ್ನುವುದು ಚೀಟಿಯಲ್ಲಿ ಬರುತ್ತದೆ. ಅದನ್ನು ಬಿಟ್ಟು ಕನ್ನಡದ ಒಂದು ಶಬ್ದ ಬಾಯಿಂದ ಬಿದ್ದರೂ ಲೈನ್ ಕಟ್. ಸೋಡಾ ಫ್ಯಾಕ್ಟರಿಯ ಬಸಲಿಂಗಪ್ಪ ಒಂದು ವರ್ಷ ಕಷ್ಟಪಟ್ಟು ಪೋಲಿಷ್ ಕಲಿತು, ಕರೆ ಬಂದಾಗ ತಾಯಿಯ ದನಿ ಕೇಳಿದ್ದೇ “ಅವ್ವಾ” ಅಂದುಬಿಟ್ಟ. ಅಲ್ಲಿಗೆ ಮುಗಿಯಿತು. ಚೀಟಿಯಲ್ಲಿ ಹೆಸರಿದ್ದವರೇ ಮಾತಾಡಬೇಕು, ಬೇರೆಯವರು ರಿಸೀವರ್ ಹಿಡಿದರೆ ಬರೀ ಗುಂಯ್ ಎನ್ನುವ ಸದ್ದು. ಇನ್ನೊಂದು ಸಂಪ್ರದಾಯವೂ ಇದೆ. ಕರೆಯಲ್ಲಿ ಏನು ಮಾತಾಯಿತು ಎಂದು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. “ಲೈನ್ ಚೆನ್ನಾಗಿತ್ತಾ?” ಎಂದು ಕೇಳುತ್ತಾರೆ. “ಚೆನ್ನಾಗಿತ್ತು,” ಅನ್ನಬೇಕು. ಬಸಲಿಂಗಪ್ಪ ಕೂಡ ಹಾಗೇ ಅಂದ, ಆಮೇಲೆ ಅತ್ತುಬಿಟ್ಟಿದ್ದರಿಂದ ವಿಷಯ ಗೊತ್ತಾಯಿತು.

ನನಗೆ ಆ ಏಳು ನಿಮಿಷ ಬೇಕೇ ಬೇಕಾಗಿತ್ತು. ಯಾಕೆ ಅನ್ನುವುದನ್ನು ಹೇಳಿಬಿಡುತ್ತೇನೆ, ಮುಚ್ಚಿಟ್ಟುಕೊಳ್ಳುವ ವಯಸ್ಸು ನನ್ನದಲ್ಲ.

ನಾನು ಮೂವತ್ತೆಂಟು ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದವಳು. ಈ ಊರಿನ ಆಫೀಸುಗಳಲ್ಲಿ ಕೀಲಿಮಣೆ ಕುಟ್ಟುವ ಬೆರಳುಗಳಲ್ಲಿ ಅರ್ಧ ನನ್ನ ಸ್ಕೇಲಿನ ಏಟು ತಿಂದಿವೆ. ನಿಮಿಷಕ್ಕೆ ಅರವತ್ತು ಶಬ್ದ, ತಪ್ಪಿಲ್ಲದೆ. ಅಕ್ಕ ಅಂಬುಜಾಕ್ಷಿ ನನಗಿಂತ ಐದು ವರ್ಷ ದೊಡ್ಡವಳು, ಮನೆ ನೋಡಿಕೊಳ್ಳುತ್ತಿದ್ದಳು. ಇಬ್ಬರೂ ಮದುವೆಯಾಗಲಿಲ್ಲ. ಅಕ್ಕ ಎಲ್ಲದರಲ್ಲೂ ನಿಧಾನ. ಒಂದು ಚಪಾತಿ ಲಟ್ಟಿಸುವಷ್ಟರಲ್ಲಿ ಹಂಚು ಹೊಗೆಯಾಡುತ್ತಿತ್ತು. ಒಂದು ವಾಕ್ಯ ಶುರು ಮಾಡಿದಳೆಂದರೆ ಮಧ್ಯೆ ನಿಂತು ಶಬ್ದ ಹುಡುಕುತ್ತಿದ್ದಳು, ನಾನೇ ಮುಗಿಸಿಕೊಡುತ್ತಿದ್ದೆ. “ಅದೇ, ಅದೇ,” ಎಂದು ತಲೆಯಾಡಿಸುತ್ತಿದ್ದಳು. ನಾನು ಮುಗಿಸಿದ ಮಾತು ಅವಳು ಹೇಳಹೊರಟಿದ್ದೇ ಹೌದೋ ಅಲ್ಲವೋ, ಒಂದು ದಿನವೂ ಕೇಳಲಿಲ್ಲ.

ಒಂದು ದಿನ ನನ್ನ ಹಳೇ ವಿದ್ಯಾರ್ಥಿನಿಯ ಮದುವೆಗೆ ಹೋಗಬೇಕಿತ್ತು. ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದೆ. ಅಕ್ಕ ಸೀರೆಗೆ ಪಿನ್ ಹುಡುಕುತ್ತಿದ್ದಳು. ಬಸ್ಸು ನಮ್ಮ ಕಣ್ಣೆದುರೇ ಹೋಯಿತು. “ನಿನ್ನ ನಿಧಾನ ನನ್ನ ಅರ್ಧ ಆಯುಷ್ಯ ತಿಂದುಹಾಕ್ತು,” ಅಂದೆ. ಅಕ್ಕ ಪಿನ್ನನ್ನು ಮೇಜಿನ ಮೇಲಿಟ್ಟಳು, ಸೀರೆ ಬದಲಾಯಿಸಿದಳು, ಅಂದಿನಿಂದ ಮಾತು ಬಿಟ್ಟಳು. ಹನ್ನೊಂದು ದಿನ. ದಿನಾ ಬೆಳಗ್ಗೆ ನನ್ನ ಕಾಫಿ ಲೋಟ ಟೈಪ್‌ರೈಟರ್ ಪಕ್ಕದಲ್ಲಿ ತಪ್ಪದೆ ಇರುತ್ತಿತ್ತು, ಮಾತಿರಲಿಲ್ಲ. ನನಗೂ ಹಟ. ಹನ್ನೆರಡನೇ ಬೆಳಗ್ಗೆ ಅವಳು ಹಿತ್ತಿಲ ಮೆಟ್ಟಿಲ ಮೇಲೆ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಒಲೆ ಮೇಲೆ ಬೇಳೆ ಬೆಂದಿತ್ತು. ಹಟ ಮರೆತು ಒಳಗಿನಿಂದಲೇ ಕೂಗಿದೆ: “ಕಾಲು ಕೇಜಿ ಹುರುಳಿಕಾಯಿಗೆ ಎಷ್ಟ್ ಹೊತ್ತೇ? ಇನ್ನೂ ಆಗ್ಲಿಲ್ವಾ?” ಉತ್ತರ ಬರಲಿಲ್ಲ. ಮತ್ತೆ ಕೂಗಿದೆ. ಮೂರನೇ ಸಲ ರೇಗಿಕೊಂಡು ಹೋಗಿ ನೋಡಿದರೆ ಅಕ್ಕ ಕಂಬಕ್ಕೊರಗಿದ್ದಳು, ಒಂದು ಕಾಯಿ ಕೈಯಲ್ಲೇ ಇತ್ತು. ಡಾಕ್ಟರು ಬಂದು, ಜೀವ ಹೋಗಿ ಅರ್ಧ ಗಂಟೆಯಾಗಿದೆ ಅಂದರು.

ಹಾಗಾಗಿ ನನ್ನ ಪ್ರಶ್ನೆ ಒಂದೇ. ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೋದೆಯಾ, ಇಲ್ಲ ಬಿಟ್ಟು ಹೋದೆಯಾ?

ಭಾಷಾ ಕೇಂದ್ರ ಇರುವುದು ಅಂಚೆ ಕಚೇರಿಯ ಮಹಡಿಯಲ್ಲಿ. ಹದಿನಾಲ್ಕು ಕಂಪ್ಯೂಟರ್, ನಡುವೆ ಹಲಗೆಯ ಅಡ್ಡಗೋಡೆ, ಪ್ರತಿಯೊಬ್ಬರ ಕಿವಿಗೂ ಹೆಡ್‌ಫೋನ್. ಎಲ್ಲರೂ ತಂತಮ್ಮ ಪರದೆಯ ಜೊತೆ ಮಾತಾಡುತ್ತಿರುತ್ತಾರೆ, ಪಕ್ಕದವರ ಮಾತು ಯಾರಿಗೂ ಕೇಳಿಸುವುದಿಲ್ಲ. ಅದನ್ನು ನೋಡಿಕೊಳ್ಳುವವಳು ವನಮಾಲಾ. ಇಪ್ಪತ್ತೈದು ವರ್ಷದ ಹಿಂದೆ ನನ್ನ ಹತ್ತಿರ ಟೈಪಿಂಗ್ ಕಲಿತವಳು. ಕಿರುಬೆರಳು ಸರಿಯಾಗಿ ಬಳಸುತ್ತಿಲ್ಲವೆಂದು ಅವಳಿಗೆ ಎಷ್ಟು ಹೊಡೆದಿದ್ದೆನೋ ನನಗೆ ನೆನಪಿಲ್ಲ, ಅವಳಿಗೆ ಇರಬಹುದು.

“ಬನ್ನಿ ಮೇಡಂ,” ಎಂದು ಒಂಬತ್ತನೇ ಕಂಪ್ಯೂಟರಿಗೆ ಕೂರಿಸಿದಳು. “ಆರಂಭದವರಿಗೆ ಅರವತ್ತು ಪಾಠ ಇದಾವೆ. ಮಷೀನೇ ಎಲ್ಲಾ ಹೇಳ್ಕೊಡುತ್ತೆ. ಅವಸರ ಮಾಡ್ಬೇಡಿ.”

“ಅವಸರದ ವಿಷಯ ನನಗೆ ಹೇಳ್ತೀಯಾ?” ಅಂದೆ. ನಕ್ಕಳು.

ಮಷೀನಿನಲ್ಲಿ ಕೆಂಪು ಸ್ವೆಟರಿನ ಒಬ್ಬ ಹೆಂಗಸು ಇದ್ದಳು. ಹೆಸರು ವಾಂಗ್. ಅವಳು ಒಂದು ವಾಕ್ಯ ಹೇಳಿದರೆ ಪರದೆಯ ಮೇಲೆ ನೀಲಿ ಗೆರೆಯೊಂದು ಏರುತ್ತ ಇಳಿಯುತ್ತ ಹೋಗುತ್ತದೆ. ನಾವು ಅದನ್ನೇ ಹೇಳಬೇಕು, ನಮ್ಮ ದನಿಯ ಕೆಂಪು ಗೆರೆ ಆ ನೀಲಿಯ ಮೇಲೆ ಕೂರಬೇಕು. ನನ್ನದು ಮೊದಲ ವಾರವೆಲ್ಲ ಗಟಾರದ ಕಡೆ ಓಡುವ ಇಲಿಯ ಹಾಗೆ ಎಲ್ಲೆಲ್ಲೋ ಹೋಗುತ್ತಿತ್ತು. ವಾಂಗ್ ಪ್ರಶ್ನೆ ಕೇಳಿದರೆ ಉತ್ತರಕ್ಕೆ ಎಂಟು ಸೆಕೆಂಡು. ಹಸಿರು ಪಟ್ಟಿಯೊಂದು ಕರಗುತ್ತ ಬರುತ್ತದೆ. ಪೂರ್ತಿ ಕರಗಿದರೆ ‘ತುಂಬ ನಿಧಾನ, ಮತ್ತೆ ಪ್ರಯತ್ನಿಸಿ’ ಎಂದು ಬರುತ್ತದೆಯಂತೆ. ನನಗೆ ಒಂದು ಸಲವೂ ಬರಲಿಲ್ಲ. ಎರಡೇ ಸೆಕೆಂಡಿನಲ್ಲಿ ಉತ್ತರ ಕೊಟ್ಟು ನಕ್ಷತ್ರ ಗಳಿಸುತ್ತಿದ್ದೆ. ಅಕ್ಕ ಇದರ ಮುಂದೆ ಕೂತಿದ್ದರೆ ಒಂದನೇ ಪಾಠವೂ ಮುಗಿಯುತ್ತಿರಲಿಲ್ಲ ಎಂದುಕೊಂಡು ಒಬ್ಬಳೇ ನಕ್ಕೆ. ಆಮೇಲೆ ಬೇಜಾರಾಯಿತು.

ಎರಡನೇ ಪಾಠದಲ್ಲಿ ವಾಂಗ್ ಒಬ್ಬ ಗಂಡಸಿನ ಕೈ ಕುಲುಕಿ, “ರೆನ್ ಷಿ ನಿ ಹೆನ್ ಗಾವ್ ಶಿಂಗ್” ಅನ್ನುತ್ತಿದ್ದಳು. ನಿನ್ನ ಪರಿಚಯವಾದದ್ದು ನನಗೆ ತುಂಬ ಸಂತೋಷ ಎಂದು ಅರ್ಥ. ಅವನು “ವೊ ಯೆ” ಅನ್ನುತ್ತಿದ್ದ. ನನಗೂ ಹಾಗೇ ಎಂದು. ಅದನ್ನು ಇಪ್ಪತ್ತು ಸಲ ಹೇಳಿಸಿತು ಮಷೀನು. ಹೆಡ್‌ಫೋನ್ ತೆಗೆದು ವನಮಾಲಾಳನ್ನು ಕರೆದೆ.

“ಇದನ್ನ ನಾನು ಯಾರಿಗೆ ಹೇಳ್ಬೇಕಮ್ಮಾ? ಅಕ್ಕನ ಜೊತೆ ಅರವತ್ತೊಂದು ವರ್ಷ ಇದ್ದೀನಿ. ಅವಳಿಗೆ ಪರಿಚಯವಾಗಿ ಸಂತೋಷ ಅನ್ಲಾ? ಇದನ್ನ ಬಿಟ್ಟು ಮುಂದಿನ ಪಾಠ ಹಾಕು.”

“ಬಿಡಬೇಡಿ ಮೇಡಂ.”

“ಯಾಕೆ?”

“ಬಿಡಬೇಡಿ, ಅಷ್ಟೆ,” ಎಂದು ಅವಳು ಬೇರೆ ಕಡೆ ನೋಡಿದಳು. ಸ್ಕೇಲಿನ ಏಟಿಗೆ ಈಗ ಬಡ್ಡಿ ವಸೂಲಿ ಎಂದುಕೊಂಡೆ.

ದಿನಾ ಹನ್ನೊಂದಕ್ಕೆ ಹೋಗಿ ನಾಲ್ಕಕ್ಕೆ ಬರುತ್ತಿದ್ದೆ. ನಿಜ ಹೇಳಬೇಕೆಂದರೆ ಕಲಿಯುವುದಕ್ಕಾಗಿ ಮಾತ್ರ ಹೋಗುತ್ತಿರಲಿಲ್ಲ. ನಾಲ್ಕನೇ ಪಾಠದಲ್ಲಿ ವಾಂಗ್ “ಊಟ ಆಯಿತಾ?” ಎಂದು ಕೇಳುತ್ತಾಳೆ. ಇಡೀ ದಿನದಲ್ಲಿ ಅದನ್ನು ನನ್ನನ್ನು ಕೇಳುವವಳು ಅವಳೊಬ್ಬಳೇ. ಆಗಿದ್ದರೆ ಆಯಿತು, ಆಗದಿದ್ದರೆ ಇಲ್ಲ, ನಿಜವನ್ನೇ ಹೇಳುತ್ತಿದ್ದೆ. ಎರಡಕ್ಕೂ ಅವಳು ಒಂದೇ ನಗು ನಗುತ್ತಿದ್ದಳು. ಮನೆಗೆ ಬಂದರೆ ಒಬ್ಬಳಿಗೆ ಅನ್ನ ಮಾಡಲು ಎಷ್ಟು ಅಕ್ಕಿ ಹಾಕಬೇಕೆಂದು ನನಗೆ ಕೊನೆಯವರೆಗೂ ಅಂದಾಜಾಗಲಿಲ್ಲ. ದಿನಾ ಮಿಗುತ್ತಿತ್ತು. ಬಾಯಿತಪ್ಪಿ ಕನ್ನಡ ಬರಬಾರದೆಂದು ಮನೆಯಲ್ಲೂ ಅಕ್ಕನ ಫೋಟೋವನ್ನು “ಜ್ಯೆಜ್ಯೆ” ಎಂದೇ ಕರೆಯುತ್ತಿದ್ದೆ. ಅಕ್ಕನಿಗೆ ಚೀನೀಯಲ್ಲಿ ಹಾಗೆ ಅನ್ನುತ್ತಾರೆ, ತಂಗಿಗೆ “ಮೇಮೆ.” ಅಕ್ಕನಿಗೊಂದು ತಂಗಿಗೊಂದು ಬೇರೆ ಬೇರೆ ಹೆಸರಿಟ್ಟ ಜನ ಒಳ್ಳೆಯವರೇ ಇರಬೇಕು ಅನ್ನಿಸಿತ್ತು. ಇಂಗ್ಲಿಷಿನವರಿಗೆ ಅಷ್ಟೂ ಮರ್ಯಾದೆಯಿಲ್ಲ.

ಅರವತ್ತು ಪಾಠವನ್ನು ಏಳು ತಿಂಗಳಲ್ಲಿ ಮುಗಿಸಿದೆ. ಕೇಂದ್ರದ ದಾಖಲೆ ಅದು. ಮುಂದಿನ ಹಂತವನ್ನೂ ಹಾಕಿಸಿಕೊಂಡೆ. ಅಲ್ಲಿ ನಮಗೆ ಬೇಕಾದ ವಾಕ್ಯವನ್ನು ನಾವೇ ಕಟ್ಟಬಹುದು, ಮಷೀನು ತಿದ್ದುತ್ತದೆ. ನನ್ನ ಪ್ರಶ್ನೆಯನ್ನು ಕಟ್ಟಲು ಕೂತೆ. ‘ಆ ದಿನ ನಾನು ಸಿಟ್ಟಿನಲ್ಲಿ ಆಡಿದ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ನನ್ನನ್ನು ಬಿಟ್ಟುಹೋದೆಯಾ, ಅಥವಾ ಹೋಗುವ ಮುಂಚೆ ನನ್ನನ್ನು ಕ್ಷಮಿಸಿದ್ದೆಯಾ?’ ಕನ್ನಡದಲ್ಲೇ ಒಂದೇ ಉಸಿರಿಗೆ ಹೇಳಲಾಗದ ವಾಕ್ಯ. ಚೀನೀಯಲ್ಲಿ ಒಂಬತ್ತು ಸೆಕೆಂಡಿನಲ್ಲಿ ಹೇಳುವಷ್ಟು ಅಭ್ಯಾಸ ಮಾಡಿದೆ. ಕೆಂಪು ಗೆರೆ ನೀಲಿಯ ಮೇಲೆ ಹೊಲಿದ ಹಾಗೆ ಕೂತಿತು. ನೂರಕ್ಕೆ ತೊಂಬತ್ತೆಂಟು. ವನಮಾಲಾ ಹಿಂದೆ ನಿಂತು ನೋಡುತ್ತಿದ್ದಳು.

“ಚೆನ್ನಾಗಿದೆ ಮೇಡಂ. ಆದ್ರೆ ಮೊದಲ ಹತ್ತು ಪಾಠ ಇನ್ನೊಂದ್ಸಲ ಮಾಡಿ.”

“ನಿನಗೇನು ತಲೆ ಕೆಟ್ಟಿದೆಯಾ? ನಾನೀಗ ಎಲ್ಲಿದ್ದೀನಿ, ಮೊದಲ ಹತ್ತು ಪಾಠ ಎಲ್ಲಿ!”

“ಮಾಡಿ ಮೇಡಂ. ನಮ್ಮಮ್ಮ ಫೋನ್ ಮಾಡಿದಾಗ…” ಎಂದು ಶುರುಮಾಡಿದವಳು ನಾಲಿಗೆ ಕಚ್ಚಿಕೊಂಡಳು. ಸಂಪ್ರದಾಯ ಮುರಿಯುವ ಹೆಂಗಸಲ್ಲ ಅವಳು. ಕಣ್ಣು ಮಾತ್ರ ಒದ್ದೆಯಾಗಿತ್ತು. ನಾನೂ ಕೇಳಲಿಲ್ಲ. ಹತ್ತು ಪಾಠವನ್ನೂ ಮಾಡಲಿಲ್ಲ.

ಕರೆಯ ದಿನ ಗೇಟಿಗೆ ಟವೆಲ್ ಕಟ್ಟಿದೆ. ಟವೆಲ್ ಕಂಡರೆ ನಮ್ಮ ಬೀದಿಯವರು ಮಿಕ್ಸಿ ಹಾಕುವುದಿಲ್ಲ, ಗಾಡಿಗಳನ್ನು ತಳ್ಳಿಕೊಂಡು ಹೋಗುತ್ತಾರೆ. ಬೆಳಗ್ಗೆಯಿಂದ ಏನೂ ತಿನ್ನಲಾಗಲಿಲ್ಲ. ಅಕ್ಕ ಸತ್ತ ಹೊತ್ತಿಗೇ, ಹತ್ತಕ್ಕೆ ಐದು ನಿಮಿಷವಿರುವಾಗ, ಫೋನ್ ಬಡಿದುಕೊಂಡಿತು. ಎತ್ತಿದೆ. ಗಡಿಯಾರ ಎದುರಿಗೇ ಇತ್ತು.

“ನಿ ಹಾವ್,” ಅಂದಿತು ದನಿ.

ಅಕ್ಕ. ಶೀತವಾದಾಗಿನ ಹಾಗೆ ಸ್ವಲ್ಪ ಮೂಗಿನಲ್ಲಿ, ಆದರೆ ಅಕ್ಕನೇ. ಬಾಯಿಗೆ ಬಂದದ್ದನ್ನು ನುಂಗಿಕೊಂಡು “ಜ್ಯೆಜ್ಯೆ” ಅಂದೆ. ಅಂದವಳೇ ಪ್ರಶ್ನೆಯನ್ನು ಶುರುಮಾಡಿದೆ. ಎಲ್ಲೂ ತಡವರಿಸಲಿಲ್ಲ. ಒಂಬತ್ತೇ ಸೆಕೆಂಡು. ಮುಗಿಸಿ ಉಸಿರು ಬಿಗಿಹಿಡಿದು ನಿಂತೆ.

ಆ ಕಡೆ ಏನೂ ಇಲ್ಲ. ಲೈನ್ ಹೋಯಿತೇನೋ ಎಂದುಕೊಂಡೆ. ಇಲ್ಲ, ಉಸಿರಾಟ ಕೇಳುತ್ತಿತ್ತು. ಸಿಟ್ಟು ಇನ್ನೂ ಇಳಿದಿಲ್ಲ, ಹನ್ನೆರಡನೇ ದಿನವೂ ಮಾತಿಲ್ಲ ಎಂದುಕೊಂಡೆ. ಅದೇ ವಾಕ್ಯವನ್ನು ಇನ್ನೂ ಜೋರಾಗಿ ಇನ್ನೊಂದು ಸಲ ಹೇಳಿದೆ. ಆಮೇಲೆ ಅಕ್ಕ ಒಂದೊಂದೇ ಅಕ್ಷರವನ್ನು ಕತ್ತಲಲ್ಲಿ ಪಾತ್ರೆ ತಡವಿದ ಹಾಗೆ ಹುಡುಕಿ ಹುಡುಕಿ ಅಂದಳು: “ವೊ… ಥಿಂಗ್… ಬು ದೊಂಗ್.” ‘ನನಗೆ ಅರ್ಥವಾಗಲಿಲ್ಲ’ ಎಂದು. ಸ್ವಲ್ಪ ಬಿಟ್ಟು: “ಛಿಂಗ್… ಮಾನ್ ಮಾನ್… ಷ್ವೊ.”

ದಯವಿಟ್ಟು ನಿಧಾನವಾಗಿ ಮಾತಾಡಿ. ಏಳನೇ ಪಾಠ.

ಅವಳಿಗೂ ಒಂದೇ ವರ್ಷ ಸಿಕ್ಕಿದ್ದು. ಸತ್ತವರಿಗೆ ಎಲ್ಲ ತಾನಾಗಿಯೇ ಬರುತ್ತದೆಂದು ಯಾಕೆ ನಂಬಿದ್ದೆನೋ ದೇವರಿಗೇ ಗೊತ್ತು. ಎಲ್ಲೋ ಒಂದು ಕಡೆ ಅಕ್ಕನೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕೆಂಪು ಸ್ವೆಟರಿನ ಯಾರದೋ ಮುಂದೆ ಕೂತು, ಎಂಟು ಸೆಕೆಂಡಿನಲ್ಲಿ ಉತ್ತರ ಕೊಡಲಾಗದೆ, ಮತ್ತೆ ಪ್ರಯತ್ನಿಸಿ, ಮತ್ತೆ ಪ್ರಯತ್ನಿಸಿ ಅನ್ನಿಸಿಕೊಂಡು, ವರ್ಷವಿಡೀ ಕಷ್ಟಪಟ್ಟು ಇಷ್ಟು ಕಲಿತಿದ್ದಳು. ಕಂಪ್ಯೂಟರಿನ ಸ್ವಿಚ್ಚು ಹಾಕಲೂ ಹೆದರುವವಳು. ನಾನು ಅವಳಿಗಾಗಿ ಕಲಿತೆ ಎಂದು ಬೀಗುತ್ತಿದ್ದೆ. ಅವಳೂ ನನಗಾಗಿ ಕಲಿಯುತ್ತಿರಬಹುದು ಅನ್ನುವುದು ಹೊಳೆದೇ ಇರಲಿಲ್ಲ. ವನಮಾಲಾ ನುಂಗಿಕೊಂಡ ಮಾತು ಆಗ ತಿಳಿಯಿತು. ಗಡಿಯಾರದಲ್ಲಿ ಎರಡು ನಿಮಿಷ ಹೋಗಿತ್ತು.

ಕುರ್ಚಿ ಎಳೆದುಕೊಂಡು ಕೂತೆ. ಒಂದನೇ ಪಾಠದಿಂದ ಶುರುಮಾಡಿದೆ. “ನೀನು ಚೆನ್ನಾಗಿದ್ದೀಯಾ?”

“ನಾನು ಚೆನ್ನಾಗಿದ್ದೇನೆ,” ಅಂದಳು ಅಕ್ಕ, ಖುಷಿಯಿಂದ. ಪಾಠದಲ್ಲಿರುವ ಪ್ರಶ್ನೆಯೇ ಬಂತಲ್ಲ. “ನೀನು?”

“ಚೆನ್ನಾಗಿದ್ದೇನೆ.”

“ಊಟ ಆಯಿತಾ?”

“ಇಲ್ಲ,” ಅಂದೆ.

ಅಕ್ಕ ಏನೋ ಹೇಳಲು ಹೊರಟು ಶಬ್ದ ಸಿಗದೆ ಬಿಟ್ಟಳು. ಬೈಯಲು ಬೇಕಾಗುವ ಮಾತು ಮೊದಲ ಪಾಠಗಳಲ್ಲಿ ಇಲ್ಲ. ಆಮೇಲೆ ಐದನೇ ಪಾಠಕ್ಕೆ ಬಂದಳು. “ನನಗೆ ಒಬ್ಬಳು ತಂಗಿ ಇದ್ದಾಳೆ. ಅವಳು ಟೀಚರ್.” ದನಿ ತಪ್ಪು ತಪ್ಪಾಗಿ ಏರಿಳಿಯುತ್ತಿತ್ತು. ಮಷೀನಾಗಿದ್ದರೆ ಮೂವತ್ತೈದಕ್ಕಿಂತ ಹೆಚ್ಚು ಕೊಡುತ್ತಿರಲಿಲ್ಲ.

“ನನಗೆ ಒಬ್ಬಳು ಅಕ್ಕ ಇದ್ದಾಳೆ,” ಅಂದೆ ನಾನು. ಇದ್ದಳು ಎನ್ನುವುದನ್ನು ಆ ಪಾಠದಲ್ಲಿ ಇನ್ನೂ ಹೇಳಿಕೊಟ್ಟಿರುವುದಿಲ್ಲ.

ಐದು ನಿಮಿಷ ದಾಟಿತ್ತು. ನನ್ನ ಪ್ರಶ್ನೆ ಹಾಗೇ ಇತ್ತು. ಸಿಟ್ಟು, ಕ್ಷಮೆ, ಯಾವ ಶಬ್ದವನ್ನು ಹಾಕಿದರೂ ಅಕ್ಕನಿಗೆ ತಿಳಿಯದು. ಅವಳಿಗೆ ಗೊತ್ತಿರುವ ಹತ್ತು ಪಾಠದೊಳಗೆ ಅದನ್ನು ಹೇಗೆ ಕೇಳುವುದು? ತಲೆಯೊಳಗೆ ಪುಟ ತಿರುವಿದೆ. ಸಂತೋಷ ಅನ್ನುವ ಶಬ್ದವೊಂದು ಇತ್ತು, ನಾನು ಬಿಟ್ಟುಬಿಡು ಅಂದಿದ್ದ ಪಾಠದಲ್ಲಿ.

“ಜ್ಯೆಜ್ಯೆ,” ಅಂದೆ. ಒಂದೊಂದನ್ನೂ ಬಿಡಿಸಿ ಕೇಳಿದೆ. “ನಿನಗೆ… ಸಂತೋಷ… ಇಲ್ಲವಾ?”

ಅರ್ಥವಾಯಿತು ಅನ್ನುವುದು ಅವಳ ಉಸಿರಿನಲ್ಲೇ ಗೊತ್ತಾಯಿತು. ಅರವತ್ತು ವರ್ಷದಿಂದ ಕೇಳಿದ ಉಸಿರು. ಈಗ ಉತ್ತರ ಹುಡುಕುತ್ತಾಳೆ. ಗಡಿಯಾರದ ಮುಳ್ಳು ಓಡುತ್ತಿತ್ತು. ಹತ್ತು ಸೆಕೆಂಡು. ಇಪ್ಪತ್ತು.

“ರೆನ್…” ಅಂದಳು.

ನಿಂತಳು.

“ಷಿ…”

ಮುಂದಿನದೆಲ್ಲ ನನಗೆ ಗೊತ್ತಿತ್ತು. ಇಪ್ಪತ್ತು ಸಲ ಹೇಳಿ ಬೇಸತ್ತ ವಾಕ್ಯ. ನಾಲಿಗೆಯ ತುದಿಗೆ ಬಂದು ನಿಂತಿತ್ತು. ಹೇಳಿಕೊಟ್ಟರೆ ಒಂದು ಸೆಕೆಂಡು ಸಾಕು, “ಅದೇ, ಅದೇ” ಅನ್ನುತ್ತಾಳೆ. ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡೆ. ಜೀವಮಾನದಲ್ಲಿ ಮೊದಲ ಸಲ ಅಕ್ಕನ ವಾಕ್ಯ ಮುಗಿಯುವುದನ್ನು ಕಾದು ಕೂತೆ. ಇಡೀ ಬೀದಿ ಸದ್ದಿಲ್ಲದೆ ಇತ್ತು.

“ನಿ…”

ಆರು ನಿಮಿಷ ಮೂವತ್ತು ಸೆಕೆಂಡು.

“ಹೆನ್… ಗಾವ್… ಶಿಂಗ್.”

ನಿನ್ನ ಪರಿಚಯವಾದದ್ದು ನನಗೆ ತುಂಬ ಸಂತೋಷ. ಅವಳಿಗೆ ಆ ಶಬ್ದ ಬರುವ ವಾಕ್ಯ ಅದೊಂದೇ ಗೊತ್ತಿತ್ತು. ಅದನ್ನೇ ಪೂರ್ತಿ, ಒಂದಕ್ಷರ ಬಿಡದೆ, ಯಾರ ಸಹಾಯವೂ ಇಲ್ಲದೆ ಹೇಳಿದಳು.

ಸೆರಗನ್ನು ಬಾಯಿಂದ ತೆಗೆದೆ. ನನ್ನ ಪಾಲಿಗಿದ್ದದ್ದು ಎರಡೇ ಅಕ್ಷರ. ಅವಳಿಗೆ ತಿಳಿಯಲೆಂದು ನಿಧಾನವಾಗಿ ಹೇಳಿದೆ. “ವೊ.” ಆಮೇಲೆ “ಯೆ.” ಅದು ತಲುಪುವ ಮೊದಲು ಲೈನ್ ಹೋಯಿತೋ ತಲುಪಿದ ಮೇಲೆ ಹೋಯಿತೋ ನನಗೆ ಗೊತ್ತಿಲ್ಲ. ರಿಸೀವರನ್ನು ತುಂಬ ಹೊತ್ತು ಕಿವಿಗೇ ಹಿಡಿದುಕೊಂಡಿದ್ದೆ. ಹೊರಗೆ ಯಾರೋ ಮಿಕ್ಸಿ ಹಾಕಿದ ಮೇಲೆ ಕೆಳಗಿಟ್ಟು ಅತ್ತೆ. ಆಮೇಲೆ ಒಬ್ಬಳಿಗೆ ಅನ್ನಕ್ಕಿಟ್ಟೆ.

ಮಾರನೇ ದಿನ ಕೇಂದ್ರಕ್ಕೆ ಹೋದೆ. ಕರೆ ಮುಗಿದವರು ಸಾಮಾನ್ಯವಾಗಿ ಆ ಮೆಟ್ಟಿಲು ಮತ್ತೆ ಹತ್ತುವುದಿಲ್ಲ. ವನಮಾಲಾ ನನ್ನ ಮುಖ ನೋಡಿದಳು.

“ಲೈನ್ ಚೆನ್ನಾಗಿತ್ತಾ ಮೇಡಂ?”

“ಚೆನ್ನಾಗಿತ್ತು ಕಣಮ್ಮಾ,” ಅಂದೆ. ಅವಳ ಕೈ ಮೇಜಿನ ಮೇಲಿತ್ತು. ನಾನು ಹಿಂದೆ ಹೊಡೆದಿದ್ದ ಆ ಬೆರಳುಗಳ ಮೇಲೆ ಕೈಯಿಟ್ಟೆ. ಕೈ ಎಳೆದುಕೊಳ್ಳದೆಯೇ ಅವಳು, “ಯಾವ ಪಾಠ ಹಾಕ್ಲಿ?” ಅಂದಳು.

“ಎರಡನೇದು.”

ಒಂಬತ್ತನೇ ಕಂಪ್ಯೂಟರಿನಲ್ಲಿ ಕೂತು ಹೆಡ್‌ಫೋನ್ ಹಾಕಿಕೊಂಡೆ. ಕೆಂಪು ಸ್ವೆಟರಿನ ವಾಂಗ್ ಎಂದಿನ ಹಾಗೆ ನಕ್ಕು, ನಿನ್ನ ಪರಿಚಯವಾದದ್ದು ತುಂಬ ಸಂತೋಷ ಅಂದಳು. ನೀಲಿ ಗೆರೆ ಏರಿ ಇಳಿದು ನಿಂತಿತು. ಹಸಿರು ಪಟ್ಟಿ ಕರಗತೊಡಗಿತು. ನಾನು ಅಕ್ಕ ತೆಗೆದುಕೊಂಡಷ್ಟೇ ಹೊತ್ತು ತೆಗೆದುಕೊಂಡೆ. ‘ವೊ’ ಅನ್ನುವಷ್ಟರಲ್ಲಿ ಪಟ್ಟಿ ಮುಗಿದು ಪರದೆಯ ಮೇಲೆ ಅಕ್ಷರ ಬಂತು: ತುಂಬ ನಿಧಾನ, ಮತ್ತೆ ಪ್ರಯತ್ನಿಸಿ.

ನನಗೆ ಈವರೆಗೆ ಯಾರೂ ನಿಧಾನ ಅಂದಿರಲಿಲ್ಲ. ಮತ್ತೆ ಪ್ರಯತ್ನಿಸಿದೆ, ಅಷ್ಟೇ ನಿಧಾನವಾಗಿ.